ಕಣ್ಣಡಿಯ ಗೆರೆ

ಚೆಂದ ಕಾಣಬೇಕೆಂದು ಮುಖಕ್ಕೆ ಸೂಜಿ ಚುಚ್ಚಿಸಿಕೊಳ್ಳುವವರ ಬಗ್ಗೆ ನನಗೆ ಮರುಕವೂ ಇಲ್ಲ, ಗೌರವವೂ ಇಲ್ಲ. ಈ ಹೆಂಗಸಿನ ವಿಷಯ ಬೇರೆ. ಇವಳಿಗೆ ಮುಖವೇ ನಾಲಿಗೆ. ನಾಲಿಗೆ ತೊದಲತೊಡಗಿದರೆ ಯಾರು ತಾನೆ ಸುಮ್ಮನಿರುತ್ತಾರೆ?

ಟಿವಿಯಲ್ಲಿ ಸಂಜೆಯ ವಾರ್ತೆ ಬರುವಾಗ ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ನಿಂತು ಕಿವುಡರಿಗಾಗಿ ಸುದ್ದಿಯನ್ನು ಸನ್ನೆಭಾಷೆಗೆ ತರುವುದು ಇವಳ ಕೆಲಸ. ತಂದೆತಾಯಿ ಇಬ್ಬರೂ ಕಿವುಡರಾದ್ದರಿಂದ ಬಾಯಿ ಮಾತಿಗಿಂತ ಮೊದಲು ಕೈ ಮಾತು ಕಲಿತವಳು. ಈ ಭಾಷೆಯಲ್ಲಿ ಕೈ ಪದ ಹೇಳುತ್ತದೆ, ವಾಕ್ಯ ಮುಗಿಸುವುದು ಮುಖ. ಹುಬ್ಬು ಮೇಲೇರಿದರೆ ಅದೇ ಮಾತು ಪ್ರಶ್ನೆಯಾಗುತ್ತದೆ, ಮುಖ ಬಾಡಿದರೆ ಅದೇ ಮಾತು ಕೆಟ್ಟ ಸುದ್ದಿಯಾಗುತ್ತದೆ.

ಕಿವುಡರು ತಮ್ಮವರಿಗೆಲ್ಲ ಸನ್ನೆಯ ಹೆಸರಿಡುತ್ತಾರೆ. ಅದರಲ್ಲಿ ಮುಲಾಜು ಇಲ್ಲ. ಕಣ್ಣಿಗೆ ಮೊದಲು ಬಿದ್ದದ್ದೇ ಹೆಸರು. ಇವಳಿಗೆ ಎರಡೂ ಕಣ್ಣಿನ ಒಳಮೂಲೆಯಿಂದ ಕೆನ್ನೆಗೆ ಓರೆಯಾಗಿ ಇಳಿಯುವ ಗೆರೆ ಹುಟ್ಟಿನಿಂದಲೇ ಇತ್ತು, ಅಜ್ಜಿಯಿಂದ ಬಂದ ಬಳುವಳಿ. ಅಪ್ಪ ತೋರುಬೆರಳಿನಿಂದ ತನ್ನ ಕಣ್ಣಡಿಯಲ್ಲಿ ಆ ಗೆರೆ ಎಳೆದ. ಅದೇ ಇವಳ ಹೆಸರಾಯಿತು. ಸ್ಟುಡಿಯೋದವರು ಇಟ್ಟ ಅಡ್ಡಹೆಸರು ಬೇರೆ: ಅಳುಮುಂಜಿ.

ನಲವತ್ತು ದಾಟಿದ ಮೇಲೆ ಗೆರೆ ತಗ್ಗಾಯಿತು. ಅದೇ ಹೊತ್ತಿಗೆ ಸ್ಟುಡಿಯೋದ ದೀಪಗಳನ್ನು ಛಾವಣಿಗೆ ಏರಿಸಿದರು. ಮೇಲಿಂದ ಬೀಳುವ ಬೆಳಕಿಗೆ ಆ ತಗ್ಗಿನಲ್ಲಿ ನೆರಳು ಮನೆ ಮಾಡಿಕೊಂಡಿತು. ಮೇಕಪ್‌ನವಳು ಬಣ್ಣ ಬಳಿದು ನೋಡಿದಳು. ಗುಂಡಿಗೆ ಸುಣ್ಣ ಬಳಿದರೆ ಗುಂಡಿ ಮುಚ್ಚೀತೆ?

ಒಂದು ಸಂಜೆ, ಬಿರುಗಾಳಿಗೆ ಸಿಕ್ಕಿದ್ದ ಮೀನು ದೋಣಿಯವರೆಲ್ಲ ದಡ ಸೇರಿದರೆಂಬ ಸುದ್ದಿ ಬಂತು. ಇವಳ ಕೈ ‘ಎಲ್ಲರೂ ದಡಕ್ಕೆ ಬಂದರು’ ಎಂದಿತು. ಮುಖ ಮಾತ್ರ, ಹೆಣಗಳು ಬಂದವು ಎಂದಿತು. ಅಪ್ಪನ ಗೆಳೆಯ, ಕಿವುಡರ ಸಂಘದ ಹಿರಿಯ, ಬೇಕರಿಯವನು ಅದನ್ನು ತನ್ನ ಅಂಗಡಿಯಲ್ಲೇ ನಿಂತು ನೋಡಿದ. ಆ ದೋಣಿಯಲ್ಲಿ ಅವನ ತಮ್ಮನಿದ್ದ. ಬ್ರೆಡ್ಡನ್ನು ಒಲೆಯಲ್ಲೇ ಬಿಟ್ಟು, ಶಟರ್ ಎಳೆದು, ಹಿಟ್ಟಿನ ಮೂಟೆಗೆ ಒರಗಿ ಕುಳಿತುಬಿಟ್ಟ. ಮಗಳ ಮುಖಕ್ಕಿಂತ ಅವಳ ಕೈಯನ್ನು ಹೆಚ್ಚು ಬಲ್ಲ ಅಪ್ಪ ಓಡಿ ಹೋಗಿ ಹಿಂಬಾಗಿಲಿನಿಂದ ನುಗ್ಗಿ, ‘ಬದುಕಿದ್ದಾನೆ!’ ಎಂದು ಹೇಳುವ ಹೊತ್ತಿಗೆ ಒಲೆಯಲ್ಲಿದ್ದದ್ದು ಸುಟ್ಟು ಇದ್ದಿಲಾಗಿತ್ತು.

ಸಂಘದಿಂದ ದೂರು ಹೋಯಿತು. ವಾರ್ತಾ ವಿಭಾಗದ ಮುಖ್ಯಸ್ಥ ಕರೆಸಿದ.

“ನೋಡಿ ಮೇಡಂ, ನಿಮ್ಮ ಕೈ ಬಗ್ಗೆ ಯಾರದೂ ತಕರಾರಿಲ್ಲ. ಮುಖ ಮಾತ್ರ ಸಾವಿನ ಮನೆ. ಮುಂದಿನ ತಿಂಗಳು ಸಂಘದವರ ಎದುರಿಗೇ ಒಂದು ಪರೀಕ್ಷೆ ಇಡ್ತೀನಿ. ಅವರು ಸರಿ ಅಂದ್ರೆ ನೀವೇ. ಇಲ್ಲಾಂದ್ರೆ ಬೇರೆಯವರು.”

ಅವಳು ಅಳಲಿಲ್ಲ, ಅತ್ತಂತೆ ಕಂಡಳು. ನೇರವಾಗಿ ಚರ್ಮದ ಡಾಕ್ಟರ ಬಳಿ ಹೋಗಿ, ದೀಪದ ಕೆಳಗೆ ಮುಖ ಒಡ್ಡಿ ಕುಳಿತಳು.

“ಇದು ಸುಕ್ಕಲ್ಲ,” ಎಂದಳು ಡಾಕ್ಟರು. “ರೆಪ್ಪೆಯ ತೆಳು ಚರ್ಮ ಮುಗಿದು ಕೆನ್ನೆ ಶುರುವಾಗೋ ಜಾಗ. ಒಳಗಿನ ಕೊಬ್ಬು ಕಡಿಮೆಯಾಗಿ ತಗ್ಗು ಬಿದ್ದಿದೆ. ಜೆಲ್ ಹಾಕಿ ಸ್ವಲ್ಪ ಎತ್ತಬಹುದು.”

“ಮುಖ ಮರಗಟ್ಟುತ್ತಾ?”

“ಅದು ಸ್ನಾಯು ಕಟ್ಟಿಹಾಕೋ ಇಂಜೆಕ್ಷನ್, ಬೇರೆ. ಇದು ತಗ್ಗು ತುಂಬೋದಷ್ಟೇ. ವರ್ಷ, ಒಂದೂವರೆ ವರ್ಷ ಇರಬಹುದು, ಆಮೇಲೆ ಕರಗುತ್ತೆ. ಜಾಸ್ತಿ ಆದ್ರೆ ಊದಿಕೊಂಡ ಹಾಗೆ ಕಾಣುತ್ತೆ. ರಕ್ತನಾಳಕ್ಕೆ ಹೋದ್ರೆ ಕಣ್ಣಿಗೇ ಅಪಾಯ. ತುಂಬಾ ಅಪರೂಪ, ಆದ್ರೂ ಹೇಳದೆ ನಾನು ಸೂಜಿ ಮುಟ್ಟಲ್ಲ.”

ಮನೆಯಲ್ಲಿ ಅಪ್ಪನ ಕೈಗಳು ಸಿಡಿದವು: “ಮುಖಕ್ಕೆ ಸೂಜಿಯಾ? ನಾನಿಟ್ಟ ಹೆಸರನ್ನೇ ಅಳಿಸ್ತೀಯಾ?”

“ಅಪ್ಪಾ, ಆ ಹೆಸರು ಈಗ ಸುದ್ದಿಯನ್ನೇ ತಿದ್ದುತ್ತಿದೆ.”

ಅಪ್ಪ ಗೋಡೆಯ ಕಡೆ ತಿರುಗಿ ಕುಳಿತ. ಕಿವುಡರ ಮನೆಯಲ್ಲಿ ಜಗಳ ಮುಗಿಸಲು ಅಷ್ಟು ಸಾಕು. ನೋಡದವನಿಗೆ ಏನು ಹೇಳಿದರೂ ವ್ಯರ್ಥ.

ಅವಳು ಹೋದಳು. ಡಾಕ್ಟರು ಮೊಂಡು ತುದಿಯ ಸಪೂರ ಕೊಳವೆಯಿಂದ ಹನಿಹನಿಯಾಗಿ ಜೆಲ್ ಇಳಿಸಿದಳು. ಒಂದು ಕಡೆ ಮುಗಿದೊಡನೆ ಇವಳು ಕನ್ನಡಿ ಬೇಡಿದಳು. ಕನ್ನಡಿಯ ಮುಂದೆ ಮದುವೆ, ಪ್ರವಾಹ, ಚುನಾವಣೆ, ಸಾವು ಎಲ್ಲವನ್ನೂ ಸನ್ನೆಯಲ್ಲಿ ಹೇಳಿ ನೋಡಿಕೊಂಡಳು. ಇನ್ನೊಂದು ಕಡೆಯೂ ಆದ ಮೇಲೆ, “ಇನ್ನೊಂಚೂರು ಹಾಕಿದ್ರೆ ಗೆರೆ ಪೂರ್ತಿ ಹೋಗುತ್ತೆ,” ಎಂದಳು ಡಾಕ್ಟರು.

“ಬೇಡ, ಸಾಕು. ಅಳೋ ಸುದ್ದೀನೂ ಹೇಳ್ಬೇಕಲ್ಲ ನಾನು.”

ಡಾಕ್ಟರು ಕೊಳವೆ ಕೆಳಗಿಟ್ಟು ನಕ್ಕಳು. “ನನಗೆ ಸಾಕು ಅಂದವರಲ್ಲಿ ನೀವೇ ಮೊದಲು.”

ಕಣ್ಣಡಿ ನೀಲಿಗಟ್ಟಿ, ಹಳದಿಯಾಗಿ, ತಿಳಿಯಾಯಿತು. ಪರೀಕ್ಷೆಯ ದಿನ ಸಂಘದ ಸಭಾಂಗಣದಲ್ಲಿ ಟಿವಿ ಇಟ್ಟು, ಪರದೆಯ ಮೇಲಿನ ಅಕ್ಷರಗಳನ್ನು ಮುಚ್ಚಿ, ಅದೇ ಛಾವಣಿ ದೀಪಗಳ ಕೆಳಗೆ ಚಿತ್ರೀಕರಿಸಿದ್ದ ಅವಳ ಸುದ್ದಿಗಳನ್ನು ತೋರಿಸಿದರು. ಅರ್ಥ ಹೇಳಬೇಕಾದವನು ಬೇಕರಿಯವನು. ಅವಳೇ ಕೇಳಿಕೊಂಡು ಅವನನ್ನು ಆರಿಸಿದ್ದಳು. ಅಪ್ಪ ಬಂದು ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತ. ಅವರಲ್ಲಿ ಅದು ಬಾಯಿ ಹೊಲಿದುಕೊಂಡಂತೆ.

ಗಣಿ ಕುಸಿತದ ಸುದ್ದಿ ಬಂತು. ಕೈ ಹೇಳಿತು: ‘ಒಳಗಿದ್ದವರೆಲ್ಲ ಹೊರಬಂದರು.’ ಬೇಕರಿಯವನು ಮುಂದೆ ಬಾಗಿ ಆ ಮುಖವನ್ನೇ ದಿಟ್ಟಿಸಿದ. ಆಮೇಲೆ ನೆಲ ಅದುರುವಂತೆ ಕಾಲು ಬಡಿದ.

“ಬದುಕಿದ್ದಾರೆ! ಒಬ್ಬರೂ ಸತ್ತಿಲ್ಲ!”

ಮುಂದಿನದು ಬೆಂಕಿ ಅನಾಹುತದ ಸುದ್ದಿ. ಅದಕ್ಕೂ ಕೈ ಹೇಳಿದ್ದು ಅದೇ ಮಾತು: ‘ಒಳಗಿದ್ದವರೆಲ್ಲ ಹೊರಬಂದರು.’ ಬೇಕರಿಯವನ ಮುಖ ಇಳಿಯಿತು. “ಹೆಣಗಳು,” ಎಂದ ಮೆಲ್ಲನೆ. ಎರಡೂ ಸರಿ. ಸಭಾಂಗಣದಲ್ಲಿ ಕೈಗಳೆಲ್ಲ ಮೇಲೆದ್ದು ಗಾಳಿಯಲ್ಲಿ ಅಲುಗಿದವು. ಕಿವುಡರ ಚಪ್ಪಾಳೆ ಅದು. ಏನೂ ತಿಳಿಯದ ಮುಖ್ಯಸ್ಥನೂ ಕೈ ಎತ್ತಿ ಅಲುಗಿಸಿದ. “ಮೇಡಂ, ಚೌಕ ನಿಮ್ದೇ,” ಎಂದ.

“ಮೊದಲು ನೀನು ಹವಾಮಾನ ಹೇಳಿದ್ರೂ ನಾನು ಕರವಸ್ತ್ರ ಹುಡುಕ್ತಿದ್ದೆ ಕಣಮ್ಮ,” ಎಂದು ಬೇಕರಿಯವನು ಛೇಡಿಸಿದ. “ಗೆರೆ ಮಾಸಿ ಹೋಯ್ತಲ್ಲ, ಈಗ ಹೊಸ ಹೆಸರಿಡೋಣ.”

ಅಪ್ಪ ಕಟ್ಟಿದ ಕೈ ಬಿಚ್ಚಿದ. “ನಿನ್ನ ಹೆಸರು ಗುಂಗುರುಗೂದಲು. ಆ ತಲೆಯಲ್ಲಿ ಹುಡುಕಿದ್ರೂ ಒಂದು ಎಳೆ ಸಿಗುತ್ತಾ? ನಾವು ಕರೆಯೋದು ಬಿಟ್ವಾ?”

ಬೇಕರಿಯವನು ಬೋಳುತಲೆ ಸವರಿಕೊಂಡು ಸೋಲೊಪ್ಪಿದ. ಅಪ್ಪ ಮಗಳ ಕಡೆ ತಿರುಗಿ, ತನ್ನ ಕಣ್ಣಡಿಯಲ್ಲಿ ಗೆರೆ ಎಳೆದು ಅವಳನ್ನು ಕರೆದ.

“ಬಾ, ವಾರ್ತೆಗೆ ಹೊತ್ತಾಯ್ತು.”

ಆ ಸಂಜೆ ಅವಳು ಚೌಕದಲ್ಲಿ ನಿಂತು, ನಾಳೆ ಒಳ್ಳೆಯ ಬಿಸಿಲು ಎಂದಳು. ಬೇಕರಿಯವನು ಅದನ್ನು ನೋಡಿ, ಹಿಟ್ಟಿನ ಖಾಲಿ ಚೀಲಗಳನ್ನು ಒಗೆದು ಒಣಗಿಸಲು ಹೊರಗೆ ಹಗ್ಗ ಕಟ್ಟಿದ.