ಬೀಗ ಹಾಕಿದ ಮನೆಯಿಂದ ಬಂದ ಉತ್ತರ

ದೆವ್ವ ಕಂಡೆ, ದನಿ ಕೇಳಿದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖಕ್ಕೇ ಬೈಯುತ್ತಿದ್ದವಳು. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಬೆಳಕು ಹರಿಯುವ ಮೊದಲೇ ಒಬ್ಬಳೇ ಓಡಾಡಿದವಳಿಗೆ ಎಂಥ ದೆವ್ವ? ಈಗ ನಾನೇ ಇದನ್ನು ಬರೆಯುತ್ತಿದ್ದೇನೆ. ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಸುಳ್ಳು ಎನ್ನಬೇಡಿ. ಸುಳ್ಳು ಹೇಳಿದವರು ಬೇರೆ.

ಎರಡು ವರ್ಷದ ಹಿಂದೆ ಮೊಮ್ಮಗಳು ಪ್ರತಿಮಾ ಕುಂದಾಪುರದ ಒಂದು ಫ್ಲ್ಯಾಟ್ ಕಟ್ಟಡದಲ್ಲಿ ಮ್ಯಾನೇಜರ್ ಕೆಲಸ ಕಲಿಯಲು ಸೇರಿದಳು. ಒಂದು ತಿಂಗಳು, ಕೆಲಸ ಬಿಡಲಿದ್ದ ಅಲ್ಲಿನ ಹಳೇ ಮ್ಯಾನೇಜರ್ ಹಿಂದೆ ಹಿಂದೆಯೇ ತಿರುಗಿ ಅವರು ಮಾಡುವುದನ್ನೆಲ್ಲ ನೋಡಬೇಕು. ಕೊನೆಗೆ ಅವರು ಆಗಬಹುದು ಎಂದರೆ ಕೆಲಸ, ಇಲ್ಲವಾದರೆ ಮನೆಗೆ. ನನ್ನ ಹಿಗ್ಗು ಕೇಳಬೇಡಿ! ನಮ್ಮೂರು ಕೋಡಿಯಲ್ಲಿ ಎದುರು ಸಿಕ್ಕಿದವರಿಗೆಲ್ಲ ಹೇಳಿದೆ, ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಕಣ್ಣಾರೆ ನೋಡದೆ ತಡೆಯಲಾಗದೆ, ಕೊನೆಯ ವಾರ ಒಂದು ಮಧ್ಯಾಹ್ನ ಊಟದ ಡಬ್ಬಿ ನೆವ ಮಾಡಿಕೊಂಡು ಹೋದೆ.

"ಎಂತ ಅಜ್ಜಿ, ನಿಮ್ಗೂ ಟ್ರೈನಿಂಗಾ?" ಎಂದು ಮ್ಯಾನೇಜರ್ ನಕ್ಕ. ಅವತ್ತು ಬೀಗ ಹಾಕಿದ ಮನೆಗಳನ್ನು ನೋಡುವ ದಿನ. ಮುಂಬೈಯಲ್ಲಿರುವವರ ಮನೆಗಳನ್ನು ತಿಂಗಳಿಗೊಮ್ಮೆ ತೆರೆದು, ಗಾಳಿ ಆಡಿಸಿ, ನಲ್ಲಿ ಬಿಟ್ಟು, ಗೆದ್ದಲು ಬಂದಿದೆಯೋ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾನೂ ಅವರಿಬ್ಬರ ಹಿಂದೆ ಹೋದೆ.

ಮೂರನೇ ಮಾಳಿಗೆಯಲ್ಲಿ ಮ್ಯಾನೇಜರ್ ಒಂದು ಬಾಗಿಲು ತೆರೆದ. ಹೊಸಿಲು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಬುಟ್ಟಿ ಬಿಟ್ಟು ವರ್ಷಗಳಾದರೂ ಅಭ್ಯಾಸ. "ಹ್ವಾಯ್ ಅಮ್ಮಾ, ಒಳ್ಗಿದ್ರ್ಯಾ?" ಎಂದುಬಿಟ್ಟೆ.

ಅಡುಗೆಮನೆಯಿಂದ ಮುದುಕಿಯೊಬ್ಬಳ ದನಿ: "ಇವತ್ತ್ ಸೋಮ್ವಾರ ಅಲ್ದಾ, ಮೀನ್ ಬ್ಯಾಡ ಮಾರಾಯ್ತಿ."

ಸೋಮವಾರವೇ ಹೌದು. ಆದರೆ ನನ್ನ ಕೈಯಲ್ಲಿ ಮೀನಿರಲಿಲ್ಲ, ಮೀನಿನ ಮಾತನ್ನೂ ನಾನು ಎತ್ತಿರಲಿಲ್ಲ. ಮೂವರೂ ನಿಂತಲ್ಲೇ ನಿಂತೆವು. ಒಳಗೆ ಹೋಗಿ ನೋಡಿದರೆ ಯಾರೂ ಇಲ್ಲ, ಕಿಟಕಿಗಳಿಗೆಲ್ಲ ಒಳಗಿನಿಂದ ಚಿಲಕ. ಅಡುಗೆಮನೆಯ ಕಟ್ಟೆಯ ಮೇಲೆ ಆಗಷ್ಟೇ ತೊಳೆದು ಕವುಚಿಟ್ಟ ಒಂದು ಲೋಟ, ನೀರು ಇಳಿಯುತ್ತಿತ್ತು. ಆ ಮನೆಯ ನೀರಿನ ವಾಲ್ವ್ ಹೊರಗೆ ಬಂದ್ ಆಗಿತ್ತು, ಅದನ್ನಿನ್ನೂ ತಿರುಗಿಸಿರಲಿಲ್ಲ.

ಮ್ಯಾನೇಜರ್ ಮೊಮ್ಮಗಳ ಮೇಲೆ ಹರಿಹಾಯ್ದ. "ಯಾರಿಗ್ ಕೀ ಕೊಟ್ಟಿದ್ದೆ? ಯಾರನ್ ಒಳ್ಗ್ ಬಿಟ್ಟಿದ್ದೆ?"

"ಕೀ ನಿಮ್ ಸೊಂಟದಗೇ ಇಪ್ಪುದಲ್ದಾ ಸರ್?" ಎಂದಳು ಅವಳು. ಅವನು ಕೇಳಲಿಲ್ಲ. ಹುಡುಗಿ ಯಾರನ್ನೋ ಒಳಗೆ ಬಿಟ್ಟಿದ್ದಾಳೆ ಎಂದು ಪುಸ್ತಕದಲ್ಲಿ ಬರೆಯಲು ಹೊರಟ. ಅದು ಬರೆದಾದರೆ ಅವಳ ಕೆಲಸ ಮುಗಿದಂತೆ. ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಅವನ ಪೆನ್ನು ಕಿತ್ತುಕೊಂಡೆ.

"ದನಿ ಕೇಂಡದ್ದೂ ಬರಿ!"

"ಎಂತ ದನಿ? ನಂಗ್ ಎಂತದೂ ಕೇಣ್ಲಿಲ್ಲ."

"ಕೇಣದಿರೆ ಹೊಸ್ಲಗೇ ಎಂತಕ್ಕೆ ನಿಂತದ್ದ್?"

ನನ್ನ ಗಲಾಟೆಗೆ ಕೆಳಗಿನ ಮನೆಯಲ್ಲಿದ್ದ ಫ್ಲ್ಯಾಟಿನವರ ಸಂಘದ ಕಾರ್ಯದರ್ಶಿ ಮೇಲೆ ಬಂದರು. ಸಿಸಿ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿ ನೋಡಿದರು. ಕಳೆದ ತಿಂಗಳು ಮ್ಯಾನೇಜರೇ ಬೀಗ ಹಾಕಿ ಹೋದ ಮೇಲೆ ಆ ಬಾಗಿಲ ಹತ್ತಿರ ಒಂದು ಬೆಕ್ಕೂ ಸುಳಿದಿರಲಿಲ್ಲ. ಮೊಮ್ಮಗಳ ತಪ್ಪಿಲ್ಲ ಎಂದಾಯಿತು. ಆ ಮ್ಯಾನೇಜರ್ ಒಂದು ಮಾತಿಗಾದರೂ ತಪ್ಪಾಯಿತು ಎನ್ನಲಿಲ್ಲ.

ಕಾರ್ಯದರ್ಶಿ ಕೇಳಿದರು, "ಅಜ್ಜಿ ಎಂತದೋ ದನಿ ಅಂತ್ರಲೆ, ನಿಂಗೂ ಕೇಂತಾ ಮಗಾ?"

ಪ್ರತಿಮಾ ನನ್ನ ಕಡೆ ನೋಡಲಿಲ್ಲ. "ಇಲ್ಲ ಸರ್. ಅಜ್ಜಿಗೆ ವಯಸ್ಸಾಯ್ತ್."

ಬಸ್ ಸ್ಟ್ಯಾಂಡಿಗೆ ನಾನು ಅವಳನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿದೆ. ಅವಳೇ ಓಡಿ ಬಂದು ಶುರು ಮಾಡಿದಳು. "ಸಿಟ್ಟ್ ಮಾಡ್ಬೇಡ ಅಜ್ಜಿ. ದನಿ ಕೇಂಡ್ತ್ ಅಂದ್ರೆ ಆ ಮನಿಗೆ ಬಾಡ್ಗಿಗೆ ಯಾರ್ ಬತ್ರ್? ಮಾಲಕ್ರಿಗ್ ಎಂತ ಹೇಳುದ್?" ತಿಂಗಳೊಪ್ಪತ್ತು ಅವನ ಹಿಂದೆ ತಿರುಗಿ ಅವನದೇ ಬಾಯಿ ಕಲಿತಿದ್ದಳು.

ಹಳಬ ಬಿಟ್ಟು ಹೋದ, ಈಗ ಅಲ್ಲಿ ಅವಳೇ ಮ್ಯಾನೇಜರ್. ಕೀ ಗೊಂಚಲು ಹಿಡಿದು ಅವಳು ನಡೆದು ಬರುವುದನ್ನು ಕಂಡರೆ ನನಗೆ ಊರೆಲ್ಲ ಕೂಗಿ ಹೇಳಬೇಕೆನಿಸುತ್ತದೆ. ಅಷ್ಟೇ ಸಿಟ್ಟೂ ಬರುತ್ತದೆ. ಆ ಮನೆಯಲ್ಲಿ ಬ್ರಹ್ಮಾವರ ಕಡೆಯ ಒಂದು ಸಂಸಾರ ಬಾಡಿಗೆಗಿದೆ, ಸುಖವಾಗಿದ್ದಾರಂತೆ. ಆ ದನಿ ಯಾರದ್ದು, ನಾನು ಮೀನಿನವಳೆಂದು ಅದಕ್ಕೆ ಹೇಗೆ ಗೊತ್ತು, ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ. "ಸತ್ಯ ಹೇಳ್ ಹೆಣೆ, ಅವತ್ತ್ ನೀ ಕೇಂಡಿದ್ಯಾ ಇಲ್ಯಾ?"

ಅವಳು ಎದ್ದು ಕೀ ಗೊಂಚಲನ್ನು ಗೋಡೆಯ ಮೊಳೆಗೆ ಸಿಕ್ಕಿಸಿದಳು.

"ಹಸಿವಾತ್ತ್ ಅಜ್ಜಿ," ಎಂದಳು. "ಊಟ ಬಡ್ಸ್."