ಶೈಲಾ ಹೇಳ್ಯಾಳಂತ

ಮರಾಠಿ ಸೀಮೆಯ ಭೋಸರಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೂವತ್ತೆರಡು ಮನೆಗಳು. ಅದರಲ್ಲಿ ಒಂಬತ್ತು ಕನ್ನಡದವು. ವಿಜಯಪುರ, ಇಂಡಿ, ಜಮಖಂಡಿ ಕಡೆಯಿಂದ ಕಾರ್ಖಾನೆ ಕೆಲಸ ಹುಡುಕಿಕೊಂಡು ಬಂದು ಇಲ್ಲೇ ಉಳಿದವರು. ಮೂರನೇ ಮಹಡಿಯಲ್ಲಿ ಶೈಲಾ ಇದ್ದಳು. ಗಂಡ ಶಿವಪ್ರಕಾಶ, ಹತ್ತನೇ ತರಗತಿಯಲ್ಲಿದ್ದ ಮಗಳು ಪೂರ್ವಾ. ಅವರ ಎದುರು ಬಾಗಿಲು ನನ್ನದು. ಪಿಂಪ್ರಿಯ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ನಾನು ಗುಮಾಸ್ತ. ಹೆಸರು ಮಹಾಂತೇಶ, ಎಲ್ಲರ ಬಾಯಲ್ಲೂ ಮಾಂತು. ಶೈಲಾಳಿಗೆ ನಿಜವಾಗಿ ಏನಾಯಿತು ಎಂಬುದು ಇಡೀ ಸೊಸೈಟಿಯಲ್ಲಿ ಇಬ್ಬರು ಗಂಡಸರಿಗೆ ಮಾತ್ರ ಗೊತ್ತು. ಅವರಲ್ಲಿ ನಾನೊಬ್ಬ.

ಶೈಲಾ ಇಂಡಿಯಲ್ಲಿ ಪಿಯುಸಿ ಮುಗಿಸಿ, ಇಪ್ಪತ್ತಕ್ಕೆ ಮದುವೆಯಾಗಿ ಬಂದವಳು. ಬಂದ ವರ್ಷವೇ ತರಕಾರಿ ಮಾರುವವರ ಜೊತೆ ಮಾತಾಡುತ್ತ ಮರಾಠಿ ಕಲಿತಳು. ಆಮೇಲೆ ಚಿಂಚವಾಡದ ಕಾಲ್ ಸೆಂಟರ್ ಒಂದರಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡಿಕೊಳ್ಳುವ ಕೆಲಸ ಹಿಡಿದಳು. ಹನ್ನೊಂದು ವರ್ಷ ಮಾಡಿದಳು. ಸಿಲಿಂಡರ್ ಬರಲಿಲ್ಲವೆಂದು ಬಾಯಿಗೆ ಬಂದಂತೆ ಬೈಯುತ್ತಿದ್ದವನೂ ಫೋನ್ ಇಡುವ ಹೊತ್ತಿಗೆ ಅವಳನ್ನು ಅಕ್ಕ ಮಾಡಿಕೊಂಡು ‘ಥ್ಯಾಂಕ್ಯೂ ತಾಈ’ ಎನ್ನಬೇಕು, ಅಂಥ ದನಿ ಅವಳದು. ಒಂದು ದಿನ ಆ ಕೆಲಸವನ್ನು ಮಷೀನಿಗೆ ಕೊಟ್ಟರು. ನಲವತ್ತು ಹೆಣ್ಣುಮಕ್ಕಳು ಒಂದೇ ಮಧ್ಯಾಹ್ನ ಮನೆಗೆ ಹೋದರು.

ಆರು ತಿಂಗಳು ಖಾಲಿ ಕೂತ ಮೇಲೆ ಅವಳಿಗೆ ಮನೆಯಿಂದಲೇ ಮಾಡುವ ಕೆಲಸವೊಂದು ಸಿಕ್ಕಿತು. ಹೊರದೇಶದ ಕ್ರಿಪ್ಟೋ ಕಂಪನಿಯೊಂದರ ಟೋಕನ್ ಎಂಬ ಡಿಜಿಟಲ್ ನಾಣ್ಯ ಕೊಂಡವರಿಗೆ ಟೆಲಿಗ್ರಾಂ ಗುಂಪಿನಲ್ಲಿ ಕನ್ನಡ, ಮರಾಠಿ, ಹಿಂದಿಯಲ್ಲಿ ಉತ್ತರ ಕೊಡುವುದು. ಸಂಬಳವೂ ಅದೇ ಟೋಕನ್‌ನಲ್ಲಿ. ಎರಡು ವರ್ಷದಲ್ಲಿ ಬಂದದ್ದನ್ನು ಅವಳು ಮುಟ್ಟಲಿಲ್ಲ. ಪೂರ್ವಾಳ ಕಾಲೇಜಿಗೆ ಎಂದು ಇಟ್ಟಿದ್ದಳು. ತೊಗೊಳ್ಳಿ ಎಂದು ಅವಳು ಯಾರಿಗೂ ಹೇಳಿದವಳಲ್ಲ. ಕೇಳಿದರೆ, “ತೊಗೋರಿ, ಬಿಡ್ರಿ, ನಾ ಹೇಳೂದಿಲ್ಲ. ತೊಗೊಂಡಿದ್ರ ಹ್ಯಾಂಗ ಇಟಗೋಬೇಕು ಅಂತ ಹೇಳತೀನಿ” ಎನ್ನುತ್ತಿದ್ದಳು. ಆದರೂ ಸೊಸೈಟಿಯಲ್ಲಿ ಹದಿನಾಲ್ಕು ಮನೆಯವರು ಕೊಂಡರು. ನೆಲಮಹಡಿಯ ಸಿದ್ದಲಿಂಗಪ್ಪನವರು ಎಲ್ಲರಿಗಿಂತ ಹೆಚ್ಚು. ಮೂವತ್ತೈದು ವರ್ಷ ಲೇಥ್ ಮುಂದೆ ನಿಂತು ನಿವೃತ್ತರಾದವರು, ಬಂದ ಗಂಟಿನ ಅರ್ಧವನ್ನು ಅದಕ್ಕೆ ಸುರಿದಿದ್ದರು.

ಕಳೆದ ವರ್ಷ ಜೂನ್‌ನಲ್ಲಿ ಕಂಪನಿ ಹೊಸ ಸುದ್ದಿ ಹೇಳಿತು. ಟೋಕನ್‌ಗಳನ್ನೆಲ್ಲ ಹಳೆಯ ನೆಟ್‌ವರ್ಕ್‌ನಿಂದ ಅದರ ಮೇಲೆ ಕಟ್ಟಿದ ಹೊಸ ನೆಟ್‌ವರ್ಕ್‌ಗೆ ಸಾಗಿಸಬೇಕು, ಆರು ವಾರ ಗಡುವು. ಜನ ಗಾಬರಿಯಾದರು. ಶೈಲಾ ತನ್ನ ಮನೆಯ ನೀಲಿ ಗೋಡೆಯ ಮುಂದೆ ಕೂತು, ಕನ್ನಡದಲ್ಲೊಂದು ಮರಾಠಿಯಲ್ಲೊಂದು ವಿಡಿಯೋ ಮಾಡಿದಳು.

“ನಾಶಿಕ್ ಫಾಟಾದಾಗ ಕೆಳಗಿನ ರಸ್ತಾ ತುಂಬಿದಾಗ ಮ್ಯಾಲ ಫ್ಲೈಓವರ್ ಕಟ್ಟಿದರಲ್ರಿ, ಹಂಗ ಇದು. ಕೆಳಗಿನ ನೆಟ್‌ವರ್ಕ್‌ನಾಗ ಗದ್ದಲ ಭಾಳ, ಟೋಲ್ ಭಾಳ. ಮ್ಯಾಲಿಂದರಾಗ ಕಡಿಮಿ. ನಿಮ್ಮ ಟೋಕನ್ ಕೆಳಗ ಕೀಲಿ ಹಾಕಿ ಇಡತಾರ, ಅಷ್ಟ ಟೋಕನ್ ಮ್ಯಾಲ ಕೊಡತಾರ. ಗಡಿಬಿಡಿ ಮಾಡಬ್ಯಾಡ್ರಿ.” ಹೀಗೆ ಒಂದೊಂದೇ ಹೆಜ್ಜೆ ತೋರಿಸಿ, ಕೊನೆಗೆ ಬೆರಳೆತ್ತಿ ಹೇಳಿದ್ದಳು: “ನಿಮ್ಮ ಹನ್ನೆರಡು ಶಬ್ದ ಯಾರಿಗೂ ಹೇಳಬ್ಯಾಡ್ರಿ, ಯಾವ ಲಿಂಕಿನಾಗೂ ಹಾಕಬ್ಯಾಡ್ರಿ. ನಾ ಕೇಳಿದ್ರೂ ಹೇಳಬ್ಯಾಡ್ರಿ.” ಹನ್ನೆರಡು ಇಂಗ್ಲಿಷ್ ಪದಗಳು ಅಂದರೆ ಟೋಕನ್ ಇಟ್ಟ ಪೆಟ್ಟಿಗೆಯ ಬೀಗದಕೈ. ಅವು ಯಾರ ಕೈಯಲ್ಲಿವೆಯೋ ಪೆಟ್ಟಿಗೆ ಅವರದು.

ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಸೊಸೈಟಿಯ ಮೂರು ಮನೆಯವರು ಅವಳ ಎದುರೇ ಕೂತು ಸಾಗಿಸಿಕೊಂಡರು. ಆಮೇಲೆ ಎಲ್ಲಿಯವರೋ ಕಳ್ಳರು ಅವಳ ವಿಡಿಯೋ ಎತ್ತಿಕೊಂಡರು. ಕೊನೆಯ ಎಚ್ಚರಿಕೆಯನ್ನು ಕತ್ತರಿಸಿ, ಅವಳದೇ ದನಿಯನ್ನು ಯಂತ್ರದಿಂದ ಹುಟ್ಟಿಸಿ ಬೇರೆ ಮಾತು ಸೇರಿಸಿದರು. ಹಳೆಯ ದಾರಿ ಕೆಟ್ಟಿದೆ, ಕೆಳಗಿನ ಲಿಂಕ್ ಒತ್ತಿ, ಹನ್ನೆರಡು ಶಬ್ದ ಹಾಕಿ, ಭಾನುವಾರ ಮಧ್ಯಾಹ್ನ ಒಂದರೊಳಗೆ ಸಾಗಿಸಿದವರಿಗೆ ಇಪ್ಪತ್ತು ಪರ್ಸೆಂಟ್ ಹೆಚ್ಚು. ಅದೇ ನೀಲಿ ಗೋಡೆ, ಅದೇ ನಗು, ಅದೇ ‘ಗಡಿಬಿಡಿ ಮಾಡಬ್ಯಾಡ್ರಿ’.

ಆ ಭಾನುವಾರ ಬೆಳಿಗ್ಗೆ ಶೈಲಾ ಪೂರ್ವಾಳನ್ನು ಕರೆದುಕೊಂಡು ಪಿಂಪ್ರಿ ಮಾರ್ಕೆಟ್‌ಗೆ ಹೋಗಿದ್ದಳು. ನನ್ನ ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬನೇ. ಹನ್ನೊಂದರ ಸುಮಾರಿಗೆ ಶಿವಪ್ರಕಾಶ ನನ್ನ ಬಾಗಿಲು ಬಡಿದ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಶೈಲಾ ತನ್ನ ಹನ್ನೆರಡು ಶಬ್ದ ಬರೆದು ದೇವರ ಕಪಾಟಿನ ಹಿಂದೆ ಬಚ್ಚಿಟ್ಟಿದ್ದ ಸಣ್ಣ ಡೈರಿ.

“ಮಾಂತು, ಇವನ್ನಿಷ್ಟು ಓದಿ ಹೇಳು. ನಾ ಒತ್ತತೀನಿ.”

“ಏನಿದು?”

“ಶೈಲಾನ ಟೋಕನ್ ಮ್ಯಾಲ ಸಾಗಸೂದು. ಎಲ್ಲಾರದೂ ಆದ ಮ್ಯಾಲ ನಂದು ಅಂತ ಕುಂತಾಳ ಹುಚ್ಚಿ. ಒಂದರ ತನಕ ಮಾಡಿದ್ರ ಜಾಸ್ತಿ ಕೊಡತಾರ. ನೋಡಿಲ್ಲೆ, ತಾನ ಹೇಳ್ಯಾಳ.”

ಅವನು ವಿಡಿಯೋ ಹಚ್ಚಿದ. ನನಗೂ ಸಂಶಯ ಬರಲಿಲ್ಲ. ಆದರೂ ಅಂದೆ, “ಆಕೀಗೆ ಒಂದು ಫೋನ್ ಮಾಡಿ ಕೇಳಬಾರದಾ?”

“ಇಷ್ಟಕ್ಕೂ ಹೆಂಡತೀನ್ನ ಕೇಳಬೇಕಾ? ಬಂದು ನೋಡಲಿ, ನಾನೂ ಮಾಡಬಲ್ಲೆ ಅಂತ ಗೊತ್ತಾಗಲಿ.”

ಶಿವಪ್ರಕಾಶನಿಗೆ ಫೋನಿನ ಮೇಲಿನ ಬಿಡಿ ಅಕ್ಷರ ಗೊತ್ತು, ಕೂಡಿಸಿ ಬರೆದ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಹನ್ನೆರಡು ಪದಗಳನ್ನೂ ಅಕ್ಷರ ಅಕ್ಷರ ಬಿಡಿಸಿ ಓದಿದೆ. ಅವನು ಒಂದೊಂದೇ ಒತ್ತಿದ. ಪರದೆಯ ಮೇಲೆ ಹಸಿರು ಗುರುತು ಬಂತು. ಡೈರಿಯನ್ನು ಮತ್ತೆ ಕಪಾಟಿನ ಹಿಂದಿಟ್ಟು ಬಂದು, ನನ್ನ ಮನೆಯಲ್ಲೇ ಚಹಾ ಕುಡಿದ. ಅದೇ ಹೊತ್ತಿನಲ್ಲಿ ಉಳಿದ ಹನ್ನೊಂದು ಮನೆಗಳಲ್ಲೂ ಜನ ಅದೇ ವಿಡಿಯೋ ನೋಡಿ, ಅದೇ ರೀತಿ ಒತ್ತಿದ್ದರು. ಶೈಲಾ ಹೇಳ್ಯಾಳಂತ.

ಸೋಮವಾರ ಬೆಳಿಗ್ಗೆ ಸಿದ್ದಲಿಂಗಪ್ಪನವರು ಮೂರು ಮಹಡಿ ಹತ್ತಿ ಬಂದರು. ಅವರ ಟೋಕನ್ ಒಂದೂ ಉಳಿದಿರಲಿಲ್ಲ. ಫೋನ್ ಮುಂದೆ ಚಾಚಿದರು. ಶೈಲಾ ತನ್ನದೇ ಮುಖ, ತನ್ನದೇ ದನಿ ತಾನೆಂದೂ ಆಡದ ಮಾತು ಆಡುವುದನ್ನು ಬಾಗಿಲಲ್ಲೇ ನಿಂತು ಕೇಳಿದಳು.

“ಕಾಕಾ, ಇದು ನಾ ಅಲ್ರಿ” ಎಂದಳು.

“ನೀ ಅಲ್ಲಂದ್ರ ಮತ್ತ ಯಾರವ್ವಾ?” ಎಂದರು ಅವರು. ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಅವಳು ಕಂಪನಿಗೆ ಬರೆದಳು. ಸಂಜೆಯೊಳಗೆ ಕಂಪನಿ ಅವಳನ್ನೇ ಗುಂಪಿನಿಂದ ತೆಗೆದುಹಾಕಿತು. ಅವಳ ನಿಜವಾದ ವಿಡಿಯೋಗಳನ್ನೂ ಅಳಿಸಿತು. ‘ಈ ಮಹಿಳೆಗೂ ನಮಗೂ ಯಾವ ಸಂಬಂಧವೂ ಇಲ್ಲ’ ಎಂಬ ಪ್ರಕಟಣೆ ಬಂತು. ಕಳ್ಳರ ವಿಡಿಯೋ ಮಾತ್ರ ಇದ್ದಲ್ಲೇ ಇತ್ತು.

ಮಂಗಳವಾರ ಸಂಜೆ ಆರಕ್ಕೆ ಪಾರ್ಕಿಂಗ್‌ನಲ್ಲಿ ಸಭೆ ಕರೆದರು. ಸೆಕ್ರೆಟರಿ ಜೈಭೀಮ ಒಳ್ಳೆಯ ಮನುಷ್ಯ. ಪೊಲೀಸರು ನೋಡಿಕೊಳ್ಳಲಿ, ನಾವು ತೀರ್ಪು ಕೊಡುವುದು ಬೇಡ ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಶೈಲಾಳನ್ನು ನಡುವೆ ನಿಲ್ಲಿಸಿದ್ದರು. ಕುರ್ಚಿಗಳು ಖಾಲಿ ಇದ್ದರೂ ಕೂಡು ಎಂದು ಒಬ್ಬರೂ ಅನ್ನಲಿಲ್ಲ. ಅವಳು ತನ್ನ ಫೋನಿನಲ್ಲಿ ಉಳಿದಿದ್ದ ನಿಜವಾದ ವಿಡಿಯೋ ತೋರಿಸಿದಳು. ಬೆರಳೆತ್ತಿ ಎಚ್ಚರಿಸುವ ಭಾಗವನ್ನು ಎರಡು ಸಲ ಹಚ್ಚಿದಳು.

“ಇದನ್ನ ನಿನ್ನೆ ಮಾಡಿರಬೇಕು” ಎಂದ ಯಾರೋ ಒಬ್ಬ.

ಸಿದ್ದಲಿಂಗಪ್ಪನವರು ಎದ್ದು ನಿಂತು ಕೇಳಿದರು, “ಎಲ್ಲಾರದೂ ಹೋತು. ನಿಂದ್ಯಾಕ ಹೋಗಲಿಲ್ಲ? ಅದೊಂದ ಹೇಳು.”

“ನಾ ಇನ್ನೂ ಸಾಗಿಸೇ ಇಲ್ಲ ಕಾಕಾ. ನನ್ನವು ಕೆಳಗಿನ ನೆಟ್‌ವರ್ಕ್‌ನಾಗ ಹಂಗ ಅದಾವ.” ಅವಳು ಜನರ ಕಡೆ ತಿರುಗಿದಳು. ಆಮೇಲೆ ಅಂದಳು, “ಎರಡು ವರ್ಷದ ದುಡಿಮಿ ಅದು. ನನಗ ಬ್ಯಾಡ. ನಿಮಗ ಹಂಚತೀನಿ. ಪೂರಾ ಆಗೂದಿಲ್ಲ, ಆದಷ್ಟು ಆಗಲಿ. ಎಲ್ಲಾರ ಮುಂದ ತೆಗೀತೀನಿ, ನೋಡ್ರಿ.”

ಜನ ಹತ್ತಿರ ಬಂದರು. ಅವಳು ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದು ತೆರೆದಳು. ಸೊನ್ನೆ ಇತ್ತು.

ಎರಡು ದಿನದಿಂದ ಬೇರೆಯವರ ಗೋಳಿಗೆ ಉತ್ತರ ಕೊಡುವುದರಲ್ಲೇ ಇದ್ದ ಅವಳು ತನ್ನದನ್ನು ನೋಡಿಯೇ ಇರಲಿಲ್ಲ. ಯಾವ ಟೋಕನ್ ಯಾವ ಗಳಿಗೆಯಲ್ಲಿ ಹೊರಟಿತು ಎಂಬುದು ಅಲ್ಲೇ ದಾಖಲಾಗಿರುತ್ತದೆ, ಅದನ್ನು ಓದುವುದೇ ಅವಳ ಕೆಲಸವಾಗಿತ್ತು. ಬೆರಳಿನಿಂದ ಸರಿಸಿದಳು. ಭಾನುವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆಗ ಅವಳು ಮಾರ್ಕೆಟ್‌ನಲ್ಲಿ, ಫೋನ್ ಅವಳ ಕೈಯಲ್ಲಿ, ಡೈರಿ ಮನೆಯಲ್ಲಿ. ಅವಳು ತಲೆ ಎತ್ತಿ ಗಂಡನ ಕಡೆ ನೋಡಿದಳು. ಅವನ ಪಕ್ಕದಲ್ಲಿ ನಾನಿದ್ದೆ.

ಶಿವಪ್ರಕಾಶ ಅವಳಿಗಿಂತ ಮೊದಲು ಬಾಯಿ ತೆರೆದ.

“ಎಲ್ಲಿಗೆ ಕಳಿಸೀ?” ಎಂದು ಕೂಗಿದ. “ಯಾರ ಹೆಸರಿಗೆ ಹಾಕೀ? ಮಂದಿ ಮುಂದ ಹೇಳು! ನನಗೂ ಒಂದು ಮಾತು ಹೇಳಲಾರದ ಖಾಲಿ ಮಾಡೀಯಲ್ಲ!”

ಇನ್ನು ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ. ಗಂಡನೇ ಹೇಳಿದ ಮೇಲೆ ಇನ್ನೇನು?

ಸಿದ್ದಲಿಂಗಪ್ಪನವರ ಹೆಂಡತಿ ಬಸವಣ್ಣೆವ್ವ ಮುಂದೆ ಬಂದಳು. ಪೂರ್ವಾ ಹುಟ್ಟಿದಾಗ ಮೂರು ತಿಂಗಳು ಬಾಣಂತನ ಮಾಡಿದವಳು ಅವಳೇ. ಶೈಲಾಳ ಕೈ ಹಿಡಿದು ಬಂಗಾರದ ಬಳೆ ಎಳೆದಳು. ಬಳೆ ಬರಲಿಲ್ಲ. ಇನ್ನೊಬ್ಬ ಹೆಂಗಸು ಬಾಟಲಿಯ ನೀರು ಸುರಿದು ಕೊಟ್ಟಳು. ಬಳೆ ಬಂತು, ಜೊತೆಗೆ ಮುಂಗೈಯ ಚರ್ಮವೂ ಕಿತ್ತುಬಂತು. ಕಿವಿಯವು ಆದವು. ತಾಳಿಗೆ ಕೈ ಹಾಕಿದಾಗ ಜೈಭೀಮ ಅಡ್ಡ ಬಂದು ಬಿಡಿಸಿದ. ತೆಗೆದದ್ದನ್ನೆಲ್ಲ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟರು. ಶೈಲಾ ಕೈ ಎಳೆದುಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಅವಳು ನಮ್ಮಿಬ್ಬರನ್ನೇ ನೋಡುತ್ತಿದ್ದಳು.

ನಾನು ಹೇಳಬಹುದಾಗಿತ್ತು. ಬಾಯಿಗೂ ಬಂದಿತ್ತು. ಆದರೆ ಆ ಹನ್ನೆರಡು ಪದ ಗೊತ್ತಿದ್ದವರಲ್ಲಿ ನಾನೂ ಒಬ್ಬ. ನಾನು ಬಾಯಿಬಿಟ್ಟರೆ ಶಿವಪ್ರಕಾಶ ‘ಓದಿದವನು ಇವನೇ, ಕದ್ದವನೂ ಇವನೇ’ ಎನ್ನುತ್ತಿದ್ದ. ಆಗ ಆ ನಡುವೆ ನನ್ನನ್ನು ನಿಲ್ಲಿಸುತ್ತಿದ್ದರು. ಹೀಗೆ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ.

ಮರುದಿನದಿಂದ ಗೇಟಿನ ಗೋಡೆಯ ಮೇಲೆ ಅವಳ ಫೋಟೋ, ಕೆಳಗೆ ‘ಚೋರ್’ ಎಂಬ ಬರಹ. ಹಾಲಿನವನು ಅವರ ಬಾಗಿಲಿಗೆ ಬರುವುದು ಬಿಟ್ಟ. ಲಿಫ್ಟಿನಲ್ಲಿ ಅವಳಿದ್ದರೆ ಬೇರೆಯವರು ಹತ್ತುತ್ತಿರಲಿಲ್ಲ. ಶಾಲೆಯಲ್ಲಿ ಪೂರ್ವಾಳಿಗೆ ಗೆಳತಿಯರು ಆ ವಿಡಿಯೋ ಹಚ್ಚಿ ತೋರಿಸಿದರು. ಅವತ್ತು ಅವಳು ಮನೆಗೆ ಬಂದು ತಾಯಿಗೆ ಹೇಳಿದ್ದು ನನ್ನ ಮನೆಯವರೆಗೆ ಕೇಳಿಸಿತು: “ಮಮ್ಮಿ, ಇನ್ನ ಮ್ಯಾಲ ನೀ ಶಾಲಿ ಕಡೆ ಬರಬ್ಯಾಡ. ನಿನ್ನ ಹೆಸರೂ ಹೇಳಬ್ಯಾಡ.”

ಶಿವಪ್ರಕಾಶ ಒಂದು ತಿಂಗಳು ನೋಡಿದ. ಆಮೇಲೆ, ನೀನಿದ್ದರೆ ಮಗಳ ಬಾಳು ಹಾಳಾಗುತ್ತದೆ ಎಂದು ಅವಳನ್ನು ಕಳಿಸಿಬಿಟ್ಟ. ಒಂದು ಬ್ಯಾಗ್ ಹಿಡಿದು ಇಳಿದು ಹೋದಳು. ಪೂರ್ವಾ ಬಾಲ್ಕನಿಗೂ ಬರಲಿಲ್ಲ.

ಅವಳು ಹೋದ ಮೂರನೇ ವಾರ, ಜೈಭೀಮ ಕೊಟ್ಟಿದ್ದ ದೂರಿಗೆ ಪೊಲೀಸರ ಪತ್ರ ಬಂತು. ವಿಡಿಯೋ ನಕಲಿ, ದನಿ ಯಂತ್ರದ್ದು, ಈ ಮಹಿಳೆಯ ತಪ್ಪಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಜೈಭೀಮ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ. ಮಾರನೇ ದಿನ ಅದರ ಮೇಲೆ ನೀರಿನ ಟ್ಯಾಂಕರ್ ಬರುವ ಸಮಯದ ಚೀಟಿ ಅಂಟಿತ್ತು. ಯಾರು ಅಂಟಿಸಿದರೋ ಗೊತ್ತಿಲ್ಲ. ನಾನು ಕಿತ್ತು ತೆಗೆಯಬಹುದಿತ್ತು, ತೆಗೆಯಲಿಲ್ಲ. ಬಳೆ, ಕಿವಿಯೋಲೆ ಅಷ್ಟರಲ್ಲಿ ಮಾರಿಹೋಗಿದ್ದವು. ಸಿದ್ದಲಿಂಗಪ್ಪನವರಿಗೆ ಅದರಲ್ಲಿ ಬಂದ ಪಾಲು ಎರಡು ತಿಂಗಳ ಔಷಧಿಗೂ ಸಾಲಲಿಲ್ಲ. ಅರವತ್ತಾರರ ಅವರು ಈಗ ತಾವು ದುಡಿದ ಕಾರ್ಖಾನೆಯ ಪಕ್ಕದ ಕಾರ್ಖಾನೆಯಲ್ಲಿ ವಾಚ್‌ಮನ್. ತಾವೇ ಕೆಲಸ ಕಲಿಸಿದವರ ಗಾಡಿಗೆ ಗೇಟು ತೆಗೆಯುತ್ತಾರೆ.

ಈ ಸೆಪ್ಟೆಂಬರ್‌ನಲ್ಲಿ ಟೈಲ್ಸ್ ಲಾರಿಯ ಕಾಗದಪತ್ರಕ್ಕೆಂದು ನಾನು ಕೊಂಢವಾಕ್ಕೆ ಹೋಗಿದ್ದೆ. ಕಟ್ಟುತ್ತಿದ್ದ ಬಿಲ್ಡಿಂಗಿನ ಎದುರು ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರದಲ್ಲಿ ಶೈಲಾ ಜೋಳದ ಭಕ್ಕರಿ ಬಡಿಯುತ್ತಿದ್ದಳು. ಬಾಯಿಗೆ ದುಪಟ್ಟಾ ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿ ಅದನ್ನು ಕೆಳಗೆ ಸರಿಸಿದಳು.

“ಎಷ್ಟು ಕಟ್ಟಲಿ ಮಾಂತಣ್ಣಾ?”

ಬಾಯಿ ಯಾಕೆ ಕಟ್ಟಿಕೊಂಡಿದ್ದೀ ಎಂದು ಕೇಳಿದೆ.

“ಆ ವಿಡಿಯೋ ಇನ್ನೂ ನಡದದ್ರಿ. ದಿನಾ ಬೆಳಿಗ್ಗೆ ದೂರು ಹಾಕತೀನಿ. ಇದರಾಗ ತಪ್ಪೇನೂ ಕಾಣಲಿಲ್ಲ ಅಂತ ಉತ್ತರ ಬರತದ. ಈಗ ತೆಲುಗಿನಾಗೂ ಬಂದೇನಿ. ನನಗ ತೆಲುಗು ಬರೂದಿಲ್ಲ, ಆದ್ರ ಅದರಾಗ ಭಾಳ ಚಂದ ಮಾತಾಡತೀನಿ.” ಅವಳು ನಗಲಿಲ್ಲ. “ಇಲ್ಲಿ ಕೆಲಸಾ ಮಾಡೂರೊಳಗ ಅರ್ಧಾ ಮಂದಿ ಆ ಕಡೇದವರ.”

“ಶೈಲಾ, ಆ ಭಾನುವಾರ—”

“ಗೊತ್ತದ.”

“ಏನ್ ಗೊತ್ತದ?”

“ನಮ್ಮ ಮನಿಯವರಿಗೆ ಇಂಗ್ಲಿಷ್ ಓದಾಕ ಬರೂದಿಲ್ಲ. ಹನ್ನೆರಡು ಶಬ್ದ ಒಂದೂ ತಪ್ಪಲಾರದ ಹಾಕ್ಯಾರ. ರವಿವಾರ ಮನಿಯಾಗ ಇರೂರು, ಓದಿ ಹೇಳೂರು ಇನ್ಯಾರು?” ಹಿಟ್ಟು ತಟ್ಟುತ್ತಲೇ ಹೇಳಿದಳು.

“ಹಂಗಾದ್ರ ಅವತ್ತ ಯಾಕ ಹೇಳಲಿಲ್ಲ ನೀ?”

“ನಾ ಹೇಳಿದ್ರ ನಂಬತಿದ್ದಿಲ್ಲ ಯಾರೂ. ನೀವು ಹೇಳತೀರಿ ಅಂತ ನಿಂತಿದ್ದೆ.”

ನನ್ನ ಹಿಂದೆ ಕೆಲಸಗಾರರು ಸಾಲುಗಟ್ಟಿದ್ದರು. ಅವಳು ಮತ್ತೆ ದುಪಟ್ಟಾ ಮೇಲೆಳೆದುಕೊಂಡು, ಎಷ್ಟು ಎಂದು ಕೇಳಿದಳು. ಹತ್ತು ಎಂದೆ. ಕಾಗದದಲ್ಲಿ ಸುತ್ತಿ ಕೊಟ್ಟು, ಹಿಂದಿನವನನ್ನು ಕರೆದಳು. ಪೂರ್ವಾ ಹೇಗಿದ್ದಾಳೆ ಎಂದು ಕೇಳುತ್ತಾಳೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಕೇಳಲಿಲ್ಲ.

ಮನೆಯಲ್ಲಿ ಹೆಂಡತಿ, ಇಷ್ಟು ಚಂದ ಭಕ್ಕರಿ ಎಲ್ಲಿ ಸಿಕ್ಕವು ಎಂದಳು. ಪಿಂಪ್ರಿ ಸ್ಟೇಷನ್ ಹತ್ತಿರ ಎಂದೆ. ಮುಂದಿನ ಭಾನುವಾರ ಸೊಸೈಟಿಯ ಸಭೆ ಇತ್ತು. ಹೋಗಿದ್ದೆ. ಶಿವಪ್ರಕಾಶನ ಪಕ್ಕದ ಕುರ್ಚಿಯಲ್ಲೇ ಕೂತು, ಪೇಂಟಿಂಗ್ ಯಾರಿಗೆ ಕೊಡಬೇಕು ಎಂಬುದರ ಬಗ್ಗೆ ಹತ್ತು ನಿಮಿಷ ಮಾತಾಡಿ ಬಂದೆ.