ಹಿಂಜದೆ ತುಂಬಿದ ದಿಂಬು

ಹತ್ತಿಯನ್ನು ಹಿಂಜುವ ಯಂತ್ರಕ್ಕೆ ಹಾಕಲು ಹೊರಟಿದ್ದೆ. ಆ ಹುಡುಗಿ ಥಟ್ಟನೆ ನನ್ನ ಕೈ ಹಿಡಿದುಬಿಟ್ಟಳು.

ಹರಪನಹಳ್ಳಿಯಲ್ಲಿ ಗಾದಿ, ದಿಂಬು ಮಾಡುವ ಅಂಗಡಿ ನನ್ನದು. ಆಕೆ ನರ್ಸ್, ಅದೇ ವಾರ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟಿದ್ದವಳು. ವಿಮಾನದಲ್ಲಿ ಕೂತೇ ನಿದ್ದೆ ಮಾಡಬೇಕು, ಕುತ್ತಿಗೆಗೆ ಸುತ್ತಿಕೊಳ್ಳುವ ದಿಂಬು ಬೇಕು ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ್ದಳು.

"ಇದೇನವ್ವ, ಎತ್ತಿನ ಕೊಳ್ಳಾಗ ಹಾಕೋದು ಇದ್ದಂಗೈತಿ!" ಎಂದು ನಕ್ಕಿದ್ದೆ.

ಒಳಗೆ ತುಂಬಲು ಮನೆಯಿಂದ ಹಳೆಯ ದಿಂಬೊಂದನ್ನು ತಂದಿದ್ದಳು. ಬಿಚ್ಚಿ ನೋಡಿದರೆ ಹತ್ತಿಯೆಲ್ಲ ಗಂಟುಗಂಟು.

"ಹಿಂಜಬ್ಯಾಡ್ರಿ ಚಾಚಾ, ಹಂಗ ತುಂಬ್ರಿ. ನಮ್ಮವ್ವನ ದಿಂಬದು. ಆಕಿ ಹೋಗಿ ವರ್ಷಾತು, ತಲಿಎಣ್ಣಿ ವಾಸನಿ ಇನ್ನಾ ಐತಿ."

"ಗಂಟು ಕುತ್ತಿಗಿಗೆ ಒತ್ತತಾವವ್ವ. ಹಿಂಜದ ಹತ್ತಿ ನನ್ನ ಅಂಗಡಿ ದಾಟಿ ಹೋಗಿಲ್ಲ."

"ಒತ್ತಲಿ ಬಿಡ್ರಿ. ಅಲ್ಲಿ ನಂಗ್ಯಾರದಾರ?"

ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಈ ಕೆಲಸ ಹಿಡಿದವನು ನಾನು. ನನ್ನ ದಿಂಬಿನಲ್ಲಿ ಗಂಟು ಐತಿ ಅಂತ ಇಂದಿನವರೆಗೆ ಯಾರೂ ಅಂದಿಲ್ಲ. ಆದರೂ ಆಕೆ ಹೇಳಿದಂತೆಯೇ ತುಂಬಿ ಹೊಲಿದೆ. ಆಕೆ ಅಲ್ಲೇ ಕುತ್ತಿಗೆಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅದರ ವಾಸನೆ ಎಳೆದುಕೊಂಡಳು.

ತೀರಿಕೊಂಡ ನನ್ನ ಹೆಂಡತಿಯ ದಿಂಬನ್ನೂ ಹಿಂಜಿ ಹೊಸದು ಮಾಡಬೇಕೆಂದು ಅಂಗಡಿಯ ಅಟ್ಟದ ಮೇಲೆ ತಂದಿಟ್ಟಿದ್ದೆ. ಆ ಸಂಜೆ ಅದನ್ನು ಇಳಿಸಿ, ಇದ್ದ ಹಾಗೆಯೇ ಮನೆಗೆ ಒಯ್ದೆ. ಈಗ ಅದರ ಮೇಲೆಯೇ ಮಲಗುತ್ತೇನೆ. ಗಂಟುಗಳು ಒತ್ತುತ್ತವೆ. ಒತ್ತಲಿ.